ಗುರುವಾರದ ಹನ್ನೊಂದು ನಿಮಿಷ

ನಮ್ಮೂರಿನಲ್ಲಿ ಯಾವುದೇ ವಿಡಿಯೋ ಒಂದೇ ಸಲ. ಊರಿನ ಒಂದು ಜೊತೆ ಕಣ್ಣು ಅದನ್ನು ನೋಡಿತೆಂದರೆ ಮುಗಿಯಿತು. ಆಮೇಲೆ ಊರಿನ ಬೇರೆ ಯಾರು ತೆರೆದರೂ ಬಿಳಿ ಪರದೆ, ಸದ್ದಿಲ್ಲ. ಅರ್ಧ ನೋಡಿದರೆ ಅರ್ಧವಷ್ಟೇ ಖಾಲಿ. ಪಕ್ಕದೂರಿಗೆ ಹೋಗಿ ನೋಡಿಕೊಂಡು ಬಂದರೂ ಅಷ್ಟೇ, ಏಕೆಂದರೆ ಕಣ್ಣು ನಮ್ಮೂರಿನದು. ಒಟ್ಟಿಗೆ ಕೂತು ನೋಡಿದರೆ ಮಾತ್ರ ಎಷ್ಟು ಜನರಿದ್ದರೂ ಅದು ಒಂದೇ ನೋಟ. ಹೀಗಾಗಿ ಮದುವೆಯ ವಿಡಿಯೋ ನೋಡಲು ಬೀಗರೆಲ್ಲ ಸೇರುವವರೆಗೆ ಕಾಯಬೇಕು. ಕಾದು ಕಾದು ಮೊದಲ ಮಗುವಿನ ನಾಮಕರಣದ ದಿನ ತಮ್ಮ ಮದುವೆ ನೋಡಿಕೊಂಡವರಿದ್ದಾರೆ. ಸಿನಿಮಾಗಳ ಕೊನೆಯ ಇಪ್ಪತ್ತು ನಿಮಿಷವನ್ನು ಯಾರೋ ಒಬ್ಬ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ತಿಂದುಬಿಟ್ಟಿರುತ್ತಾನಾದ್ದರಿಂದ, ನಾಯಕ ಕೊಂದನೋ ಸತ್ತನೋ ಎಂಬುದು ನಮ್ಮ ಹೋಟೆಲುಗಳಲ್ಲಿ ಇತ್ಯರ್ಥವಾಗದ ವಿಷಯ. ಹೊರಗಿನವರು ಇದೇನು ಕರ್ಮ ಎನ್ನುತ್ತಾರೆ. ಊರಿಗೆ ಅಭ್ಯಾಸವಾಗಿದೆ. ಅಭ್ಯಾಸವಾಗದವನೆಂದರೆ ಹೈಸ್ಕೂಲಿನಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಹೇಳಿಕೊಡುವ ನಾನೊಬ್ಬನೇ.

ಬೇರೆ ಊರುಗಳ ಮೇಷ್ಟ್ರುಗಳು ಹತ್ತು ವಿಡಿಯೋ ನೋಡಿ, ಒಂಬತ್ತನ್ನು ಬೈದು, ಒಂದನ್ನು ಮಕ್ಕಳಿಗೆ ತೋರಿಸುತ್ತಾರೆ. ನಾನು ಕಲ್ಲಂಗಡಿ ಹಣ್ಣನ್ನು ತಟ್ಟುವ ಹಾಗೆ ಹೊರಗಿನಿಂದಲೇ ತಟ್ಟಬೇಕು. ತಟ್ಟಿ ತಟ್ಟಿ ನನಗೆ ಕೆಲವು ಸೂಕ್ಷ್ಮಗಳು ಹೊಳೆದಿವೆ. ಮುಖಚಿತ್ರದಲ್ಲಿ ಬಾಯಿ ತೆರೆದ ಗಂಡಸು ಇದ್ದು ಅವನ ಪಕ್ಕ ಕೆಂಪು ಬಾಣ ಇದ್ದರೆ ಅದನ್ನು ಮುಟ್ಟಬಾರದು. ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಆಶ್ಚರ್ಯಸೂಚಕಗಳಿದ್ದರೆ ಒಳಗೆ ಆಶ್ಚರ್ಯವೇನೂ ಇರುವುದಿಲ್ಲ. ಕೆಳಗೆ ಜನ ಬರೆದ ಮಾತುಗಳನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದಬೇಕು. ‘ಸೂಪರ್ ಸರ್’ ಎಂಬುದಕ್ಕೆ ಅರ್ಥವಿಲ್ಲ. ‘ನಮ್ಮಮ್ಮನಿಗೂ ಅರ್ಥವಾಯಿತು’ ಎಂದು ಒಬ್ಬರು ಬರೆದಿದ್ದರೆ ಅಲ್ಲಿ ಏನೋ ಇದೆ. ಹೀಗೆ ಕದದ ಹೊರಗೆ ನಿಂತು ಒಳಗಿನ ಅಡುಗೆಯ ರುಚಿ ಊಹಿಸುವುದರಲ್ಲಿ ನನ್ನ ಸಂಜೆಗಳು ಕಳೆಯುತ್ತಿದ್ದವು. ಹೆಂಡತಿ ನನ್ನ ಹಿಂದೆ ಹಾದುಹೋಗುವಾಗಲೆಲ್ಲ, “ಬೆರಳು ಜೋಪಾನ,” ಎನ್ನುತ್ತಿದ್ದಳು.

ಒಟ್ಟಿಗೆ ನೋಡುವ ಜಾಗಕ್ಕೆ ನೋಟದ ಮನೆ ಎನ್ನುತ್ತಾರೆ. ಹಿಂದೆ ಅದು ಹತ್ತಿಯ ಗೋದಾಮು. ಅದರ ಬೀಗ, ಪರದೆ, ಶಿಸ್ತು ಮೂರೂ ಬೀಬಿಜಾನ್ ಎಂಬ ಅರವತ್ತು ದಾಟಿದ ಹೆಂಗಸಿನ ಕೈಯಲ್ಲಿವೆ. ವಾರದ ಒಂದೊಂದು ಗಂಟೆ ಒಂದೊಂದು ಗುಂಪಿಗೆ. ಗುರುವಾರ ಬೆಳಗಿನ ಹನ್ನೊಂದರ ಗಂಟೆ ನಮ್ಮ ಶಾಲೆಯದು. ಆದರೆ ಒಂದು ವರ್ಷದಲ್ಲಿ ಮೂರು ಸಲ ಗಂಟೆ ವ್ಯರ್ಥ ಮಾಡಿದರೆ ಅದು ಸರದಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಮುಂದಿದ್ದವರು ದರ್ಜಿಗಳು. ಅವರ ಸಂಘದ ಅಧ್ಯಕ್ಷ ಓಬಳೇಶಪ್ಪ ಪ್ರತಿ ಗುರುವಾರವೂ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ಹಿಂದಿನ ಬೆಂಚಿನಲ್ಲಿ ಕೂತು, ನಾವು ಎಡವುವುದನ್ನು ಬಹಳ ಸೌಜನ್ಯದಿಂದ ಕಾಯುತ್ತಿದ್ದ. ಅವನನ್ನು ದೂರುವಂತಿರಲಿಲ್ಲ. ಪ್ರಿನ್ಸೆಸ್ ಕಟ್ ರವಿಕೆಯ ಬಗ್ಗೆ ಯಾರೂ ಮುಟ್ಟದ ಒಂದು ವಿಡಿಯೋ ಇದೆಯೆಂದು ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಊರಿನ ಇಪ್ಪತ್ತೆರಡು ದರ್ಜಿಗಳೂ ಅದನ್ನು ನೋಡದೆ ಕೈ ಕಟ್ಟಿಕೊಂಡಿದ್ದರು.

ನಾನಾಗಲೇ ಎರಡು ಸಲ ಎಡವಿದ್ದೆ. ‘ಜೀವಕೋಶದೊಳಗೊಂದು ಪ್ರವಾಸ’ ಎಂಬುದರಲ್ಲಿ ನನಗಿಂತ ಕೆಟ್ಟ ಅಕ್ಷರದವನೊಬ್ಬ ಬೋರ್ಡಿನ ಮೇಲೆ ಪಠ್ಯಪುಸ್ತಕವನ್ನು ಬರೆದುಕೊಂಡು ಹೋದ. ಮಕ್ಕಳು ಪ್ರವಾಸ ಯಾವಾಗ ಹೊರಡುತ್ತದೆಂದು ಕೊನೆಯವರೆಗೂ ಕಾದರು. ಗುರುತ್ವದ ಬಗೆಗಿನ ಇನ್ನೊಂದರಲ್ಲಿ, ಒಂಬತ್ತು ನಿಮಿಷದಲ್ಲಿ ಆರು ನಿಮಿಷ ಒಬ್ಬ ಯುವಕ ತನ್ನ ಚಾನೆಲ್ಲಿಗೆ ಸೇರಿಕೊಳ್ಳಿ ಎಂದು ಅಂಗಲಾಚಿದ. ಹಿಂದಿನ ಬೆಂಚಿನಿಂದ ಓಬಳೇಶಪ್ಪ, “ಪಾಪ, ಮೇಷ್ಟ್ರದ್ದೇನು ತಪ್ಪಿಲ್ಲ ಬಿಡ್ರಿ,” ಎಂದ. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಉಳಿದದ್ದು ಒಂದೇ ಅವಕಾಶ. ಹತ್ತನೆಯ ತರಗತಿಗೆ ಪರೀಕ್ಷೆ ಹತ್ತಿರ ಬರುತ್ತಿತ್ತು, ಮತ್ತು ವಿದ್ಯುತ್ ಮೋಟಾರಿನ ಪಾಠ ಯಾರ ತಲೆಗೂ ಹೋಗಿರಲಿಲ್ಲ. ಉಳಿದವರು ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ನನ್ನ ಮಾನ ಉಳಿಸುತ್ತಿದ್ದರು. ದಾಕ್ಷಾಯಿಣಿ ಎಂಬ ಹುಡುಗಿ ಮಾತ್ರ ಹಾಗೆ ಮಾಡುವವಳಲ್ಲ. ಅರ್ಥವಾಗದಿದ್ದರೆ ಉತ್ತರ ಪತ್ರಿಕೆಯಲ್ಲಿ ಜಾಗ ಖಾಲಿ ಬಿಟ್ಟು, ‘ಇದು ನನಗೆ ತಿಳಿದಿಲ್ಲ’ ಎಂದು ದುಂಡಗೆ ಬರೆದು ಬರುವವಳು. ಪ್ರಾಮಾಣಿಕತೆಗೆ ಅಂಕ ಕೊಡುವ ಪರೀಕ್ಷೆ ಇನ್ನೂ ಬಂದಿಲ್ಲ.

ಹೊರಗಿನ ಊರಿನಲ್ಲಿ ಮೇಷ್ಟ್ರಾಗಿರುವ ನನ್ನ ಹಳೆಯ ಸಹಪಾಠಿ ಪಂಪಾಪತಿಗೆ ಫೋನ್ ಮಾಡಿದೆ. ಅವನು ಎಷ್ಟು ನೋಡಿದರೂ ನಮಗೆ ನಷ್ಟವಿಲ್ಲ.

“ಒಂದೈತೆ ಮಾರಾಯ,” ಎಂದ. “‘ಮೋಟಾರ್ ಏಕೆ ನಿಲ್ಲುವುದಿಲ್ಲ’ ಅಂತ ಹೆಸರು. ಹನ್ನೊಂದು ನಿಮಿಷ. ಹುಡುಗರು ಎದ್ದುಹೋಗಲ್ಲ, ನೋಡು.”

“ಗುರುತ್ವದ್ದನ್ನೂ ಚೆನ್ನಾಗೈತೆ ಅಂತ ನೀನೇ ಹೇಳಿದ್ದೆ.”

“ಅದನ್ನ ನಾನು ನೋಡಿರಲಿಲ್ಲ ಕಣೋ, ಸುಮ್ನೆ ಹೇಳಿದ್ದೆ. ಇದನ್ನ ನೋಡೀನಿ.”

ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಇದನ್ನೂ ಅವನು ಸುಮ್ಮನೆ ಹೇಳುತ್ತಿದ್ದರೆ? ಹೆಸರಿನಲ್ಲಿ ಆಶ್ಚರ್ಯಸೂಚಕ ಇರಲಿಲ್ಲ. ಬಾಯಿ ತೆರೆದ ಗಂಡಸು ಇರಲಿಲ್ಲ. ಅಮ್ಮನಿಗೆ ಅರ್ಥವಾಯಿತೆಂದು ಮೂವರು ಬರೆದಿದ್ದರು, ಒಬ್ಬರು ಅಜ್ಜಿಯ ಹೆಸರನ್ನೂ ಸೇರಿಸಿದ್ದರು. ಇಷ್ಟು ಒಳ್ಳೆಯ ಲಕ್ಷಣಗಳು ಒಟ್ಟಿಗೇ ಕಂಡರೆ ನನ್ನಂಥವನಿಗೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬುಧವಾರ ಮಧ್ಯಾಹ್ನ, ಊಟದ ನಂತರದ ಎರಡನೇ ಪೀರಿಯಡ್ ಬಿಡುವಿತ್ತು. ಪ್ರಯೋಗಾಲಯದಲ್ಲಿ ನಾನೊಬ್ಬನೇ. ಧ್ವನಿ ಸ್ಪಷ್ಟವಾಗಿದೆಯೋ ಇಲ್ಲವೋ ಎಂದು ಹತ್ತು ಸೆಕೆಂಡು ಪರೀಕ್ಷಿಸಿದರೆ ಹತ್ತು ಸೆಕೆಂಡಷ್ಟೇ ಹೋಗುತ್ತದೆ, ಮೊದಲ ಹತ್ತು ಸೆಕೆಂಡಿನಲ್ಲಿ ಹೇಗಿದ್ದರೂ ನಮಸ್ಕಾರ ಬಿಟ್ಟು ಬೇರೇನಿರುತ್ತದೆ ಎಂದುಕೊಂಡೆ. ಒತ್ತಿದೆ. ನಮಸ್ಕಾರ ಇರಲಿಲ್ಲ. ಬಿಳಿಗೂದಲಿನ ಒಬ್ಬ ಹೆಂಗಸು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬ್ಯಾಟರಿ ಸೆಲ್ಲನ್ನು ಮಲಗಿಸಿ, ಅದರ ಎರಡು ತುದಿಗೆ ಎರಡು ಸೇಫ್ಟಿ ಪಿನ್ನು ಆನಿಸಿ, ರಬ್ಬರ್ ಬ್ಯಾಂಡ್ ಸುತ್ತುತ್ತ, “ಇದು ತಿರುಗಿದರೆ ಆಶ್ಚರ್ಯಪಡಬೇಡಿ, ನಿಂತರೆ ಆಶ್ಚರ್ಯಪಡಿ,” ಎಂದರು. ಇನ್ನು ಹತ್ತು ಸೆಕೆಂಡು ಎಂದುಕೊಂಡೆ. ಅವರು ತಾಮ್ರದ ತಂತಿಯನ್ನು ಬಳೆಯ ಹಾಗೆ ಸುತ್ತಿ, ಪಿನ್ನುಗಳ ತೂತಿನಲ್ಲಿ ತೂಗುಹಾಕಿ, ಕೆಳಗೆ ಅಯಸ್ಕಾಂತ ಇಟ್ಟು, ಬೆರಳಿನಿಂದ ಒಮ್ಮೆ ಹೀಗೆ ಮೀಟಿದರು. ಬಳೆ ತಿರುಗತೊಡಗಿತು. ನಾನು ನಕ್ಕೆ. ತಲೆದೂಗಿದೆ. ಒಂದು ಕಡೆ ‘ಆಹಾ’ ಎಂದೂ ಅಂದೆನೆಂದು ಕಾಣುತ್ತದೆ. ಗಂಟೆ ಹೊಡೆದಾಗ ಎಚ್ಚರವಾಯಿತು. ಪರದೆಯ ಮೇಲೆ ಕ್ಯಾಮೆರಾ ಹಿಡಿದವರ ಹೆಸರು ಹೋಗುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಚೂಡಾಮಣಿ ಮೇಡಂ ಅವರಿಗೆ ಹೇಳದೆ ವಿಧಿಯಿರಲಿಲ್ಲ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದರು: “ಎಷ್ಟು ನೋಡಿದ್ರಿ?”

“ಪೂರ್ತಿ ಮೇಡಂ.”

“ಒಂದೆರಡು ನಿಮಿಷಾನಾದ್ರೂ ಬಿಟ್ಟಿಲ್ವಾ?”

“ಕೊನೇಲಿ ಹೆಸರು ಬರೋದನ್ನೂ ನೋಡಿಬಿಟ್ಟೆ.”

ಈಗ ತಲೆ ಎತ್ತಿದರು. “ಮಕ್ಕಳಿಗೆ ಮೊಬೈಲ್ ಮುಟ್ಟಬೇಡಿ ಅಂತ ಪ್ರತಿ ಸೋಮವಾರ ಪ್ರಾರ್ಥನೇಲಿ ಭಾಷಣ ಮಾಡೋರು ಯಾರ್ರೀ?”

“ನಾನೇ ಮೇಡಂ.”

“ಚೆನ್ನಾಗಿತ್ತಾ?”

“ಬಹಳ,” ಎಂದೆ. ಆ ಸ್ಥಿತಿಯಲ್ಲೂ ನನ್ನ ಮುಖ ಅರಳಿರಬೇಕು, ಏಕೆಂದರೆ ಅವರು ಪುಸ್ತಕವನ್ನು ಟಪ್ಪೆಂದು ಮುಚ್ಚಿದರು. ಮೋಟಾರಿನ ಮೇಲೆ ಬೇರೆ ವಿಡಿಯೋಗಳಿದ್ದವು, ಆದರೆ ಕನ್ನಡದವನ್ನೆಲ್ಲ ಊರಿನ ಮೆಕ್ಯಾನಿಕ್ಕುಗಳು ಅಲ್ಲಲ್ಲಿ ಕಚ್ಚಿಟ್ಟಿದ್ದರು. ಒಂದರಲ್ಲಿ ತಲೆಯಿಲ್ಲ, ಒಂದರಲ್ಲಿ ಸೊಂಟವಿಲ್ಲ.

ಒಬ್ಬನೇ ನೋಡಿ ಸಿಕ್ಕಿಬಿದ್ದವನಿಗೆ ನಮ್ಮೂರಿನಲ್ಲಿ ಒಂದು ಕಟ್ಟಳೆಯಿದೆ. ಅವನು ನೋಟದ ಮನೆಯೊಳಗೆ ಪರದೆಯ ಮುಂದಿನ ಜಗಲಿಯ ಮೇಲೆ ನಿಂತು, ನೋಡಿದ್ದನ್ನು ಒಪ್ಪಿಸಬೇಕು. ಕೂತವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಎಲ್ಲರೂ ‘ಸಾಕು’ ಎನ್ನುವವರೆಗೆ ಕೂರುವಂತಿಲ್ಲ. ಒಂದು ದಿನದಲ್ಲಿ ಮುಗಿಯದಿದ್ದರೆ ಮುಂದಿನ ವಾರ ಅದೇ ಗಂಟೆಗೆ ಬಂದು ಮುಂದುವರಿಸಬೇಕು. ಹಿಂದೊಮ್ಮೆ ಕ್ಷೌರದ ಅಂಗಡಿಯ ತಿಮ್ಮಯ್ಯ ಒಂದು ಸಿನಿಮಾದ ಕೊನೆಯನ್ನು ಕದ್ದು ನೋಡಿ ಸಿಕ್ಕಿಬಿದ್ದು, ನಾಯಕಿ ಸಾಯುವುದನ್ನು ಹೆಂಗಸರ ಬೇಡಿಕೆಯ ಮೇರೆಗೆ ಐದು ಸಲ ಸತ್ತು ತೋರಿಸಬೇಕಾಯಿತು. ಈಗಲೂ ಅವನ ಕತ್ತು ಸರಿಯಾಗಿಲ್ಲ. ಆದರೆ ಮೇಷ್ಟ್ರೊಬ್ಬ ಜಗಲಿ ಹತ್ತಿದ್ದು ಇದೇ ಮೊದಲು.

ಗುರುವಾರ ನೋಟದ ಮನೆ ತುಂಬಿತ್ತು. ನಲವತ್ತೊಂದು ಮಕ್ಕಳು ನೆಲದ ಮೇಲೆ. ಹಿಂದೆ ಓಬಳೇಶಪ್ಪ, ಇವತ್ತು ಜೊತೆಗೆ ಇಡೀ ಸಂಘವನ್ನೇ ಕರೆತಂದಿದ್ದ. ಚೂಡಾಮಣಿ ಮೇಡಂ ವಿಷಯ ತಿಳಿಸಿದೊಡನೆ ಅವನು ಎದ್ದು ನಿಂತ.

“ಬೀಬಮ್ಮ, ಇದು ಮೂರನೇದು ಅಲ್ವಾ? ಗಂಟೆ ನಮ್ದಾಯ್ತು ತಾನೆ?”

ಬೀಬಿಜಾನ್ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. “ಆಯ್ತಪ್ಪಾ, ಮೂರನೇದೇ. ಆದ್ರೆ ಒಪ್ಪಿಸೋದು ಮುಗೀಲಿ. ಅದು ಮುಗಿಯೋವರ್ಗೂ ಗಂಟೆ ಅವರ್ದು. ಎಲ್ರೂ ಸಾಕು ಅಂದ ತಕ್ಷಣ ನೀನು ನಿನ್ನ ರವಿಕೆ ಹಾಕ್ಕೋ.”

ದರ್ಜಿಗಳು ನಕ್ಕರು. ಓಬಳೇಶಪ್ಪ ಗೋಡೆಯ ಗಡಿಯಾರ ನೋಡಿ ಕೂತ. “ಹನ್ನೊಂದು ನಿಮಿಷದ್ದು ತಾನೆ. ಹೇಳ್ರಿ ಮೇಷ್ಟ್ರೇ, ಕಾಯ್ತೀವಿ.”

ನನಗೂ ಹಾಗೆಯೇ ಅನಿಸಿತ್ತು. ರಾತ್ರಿಯೆಲ್ಲ ಹೆದರಿದ್ದರೂ ಒಳಗೊಂದು ಧೈರ್ಯವಿತ್ತು: ಇಷ್ಟು ಚೆನ್ನಾಗಿ ಅರ್ಥವಾದದ್ದನ್ನು ಹೇಳುವುದೇನು ಕಷ್ಟ? ಬ್ಯಾಟರಿ, ಪಿನ್ನು, ತಂತಿ, ಅಯಸ್ಕಾಂತ ಎಲ್ಲ ತಂದಿದ್ದೆ. ಆ ಹೆಂಗಸಿನ ಮಾತು, ಅವರ ಕೈಯ ಬೀಸು, ಕಟ್ಟೆಯ ಮೇಲಿದ್ದ ಕೊತ್ತಂಬರಿ ಸೊಪ್ಪು, ಒಂದನ್ನೂ ಬಿಡದೆ ಹೇಳಿದೆ. ತಂತಿ ಸುತ್ತಿದೆ, ಬ್ಲೇಡಿನಿಂದ ತುದಿಗಳ ಮೇಲಿನ, ಕರೆಂಟು ತಡೆಯುವ ಲೇಪವನ್ನು ಚೆನ್ನಾಗಿ ಕೆರೆದೆ, ತೂಗುಹಾಕಿದೆ. “ಇದು ತಿರುಗಿದರೆ ಆಶ್ಚರ್ಯಪಡಬೇಡಿ,” ಎಂದು ಮೀಟಿದೆ.

ಬಳೆ ಒಮ್ಮೆ ಎಗರಿತು, ಹಿಂದಕ್ಕೆ ಬಂತು, ನಡುಗಿತು, ನಿಂತಿತು.

ಮತ್ತೆ ಮೀಟಿದೆ. ಮತ್ತೆ ನಿಂತಿತು. ಹಿಂದಿನಿಂದ ಯಾರೋ, “ಮೇಷ್ಟ್ರ ಥರಾನೇ ಐತೆ, ಅರ್ಧಕ್ಕೆ ನಿಲ್ತೈತೆ,” ಎಂದರು.

ದಾಕ್ಷಾಯಿಣಿ ಕೈ ಎತ್ತಿದಳು. “ಸಾರ್, ಅದು ಯಾಕೆ ವಾಪಸ್ ಬಂತು?”

“ವಾಪಸ್ ಬರಬಾರದಮ್ಮ. ವಿಡಿಯೋದಲ್ಲಿ ಬರಲಿಲ್ಲ.”

“ವಿಡಿಯೋದಲ್ಲಿ ಯಾಕೆ ಬರಲಿಲ್ಲ?”

ಆ ಹೆಂಗಸು ಏನೋ ಹೇಳಿದ್ದರು. ಬ್ಲೇಡು ಹಿಡಿದುಕೊಂಡು ತಂತಿಯ ತುದಿಗೆ ಏನೋ ಮಾಡಿದ್ದರು. ನಾನು ಆಗ ತಲೆದೂಗುತ್ತಿದ್ದೆ. ತಲೆದೂಗಿದ್ದು ಚೆನ್ನಾಗಿ ನೆನಪಿದೆ, ಯಾವುದಕ್ಕೆ ಎಂಬುದು ನೆನಪಿಲ್ಲ. ನಲವತ್ತೊಂದು ಮಕ್ಕಳ ಮುಂದೆ, ಇಪ್ಪತ್ತೆರಡು ದರ್ಜಿಗಳ ಮುಂದೆ, ನನಗೊಂದು ಭಯಂಕರ ಸಂಗತಿ ತಿಳಿಯಿತು. ಮೋಟಾರು ನನಗೆ ಅರ್ಥವೇ ಆಗಿರಲಿಲ್ಲ. ಆ ಹೆಂಗಸಿಗೆ ಅರ್ಥವಾದದ್ದನ್ನು ನೋಡಿ ನಾನು ಖುಷಿಪಟ್ಟಿದ್ದೆ, ಅಷ್ಟೆ. ಹದಿನೆಂಟು ವರ್ಷದಿಂದ ಪುಸ್ತಕದ ಚಿತ್ರವನ್ನು ಬೋರ್ಡಿಗೆ ಇಳಿಸಿ, ಸುರುಳಿಯ ಬುಡದ ಎರಡು ಚೂರಿಗೆ ಒಡಕು ಉಂಗುರ ಎಂದು ಬಾಣ ಹಾಕಿ, ಚಾಕ್ ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಿದ್ದವನು ನಾನು. “ಮುಂದಿನ ವಾರ ಹೇಳುತ್ತೇನೆ,” ಎಂದು ತೊದಲಿದೆ. ಗಂಟೆ ಮುಗಿಯಿತು. ಬೀಬಿಜಾನ್ ‘ಬಾಕಿ ಇದೆ’ ಎಂದು ಘೋಷಿಸಿದರು.

ಆ ವಾರ ನಾನು ಮನುಷ್ಯರ ಹಾಗೆ ಊಟ ಮಾಡಲಿಲ್ಲ. ಪಂಪಾಪತಿಗೆ ಫೋನ್ ಮಾಡಿದರೆ, “ಅದೇನೋ ಬ್ಲೇಡಲ್ಲಿ ಮಾಡ್ತಾರಲ್ಲ, ಬಹಳ ಚೆನ್ನಾಗೈತೆ,” ಎಂದ. ಇನ್ನೊಮ್ಮೆ ನೋಡಿ ಹೇಳೋ ಎಂದರೆ, ಪರೀಕ್ಷಾ ಕೆಲಸದಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ ಎಂದ. ತರಗತಿಯಲ್ಲಿ ಮಕ್ಕಳು ಪಾಠ ಬಿಟ್ಟು ತಂತಿ ಸುತ್ತತೊಡಗಿದರು. ಊರಿನ ಗಡಿಯಾರಗಳೂ ಟಾರ್ಚುಗಳೂ ಸೆಲ್ಲು ಕಳೆದುಕೊಂಡವು. ಒಂದು ಬಳೆಯೂ ತಿರುಗಲಿಲ್ಲ.

ಎರಡನೆಯ ಗುರುವಾರ ನಾನು ಜಗಲಿ ಹತ್ತಿ, ಮತ್ತೊಮ್ಮೆ ಮೀಟಿ, ನಿಂತ ಬಳೆಯನ್ನು ನೋಡುತ್ತ ನಿಂತೆ. ಆಗ ದಾಕ್ಷಾಯಿಣಿ ಕೇಳಿದಳು:

“ಸಾರ್, ಉಯ್ಯಾಲೇನ ಹೋಗೋವಾಗ ತಳ್ತೀವಿ. ಬರೋವಾಗಲೂ ಆ ಕಡೆಗೇ ತಳ್ಳಿದ್ರೆ?”

“ನಿಂತುಹೋಗುತ್ತೆ.”

“ಇದೂ ಹಂಗೇ ಅಲ್ವಾ? ಅರ್ಧ ಸುತ್ತು ತಳ್ಳುತ್ತೆ. ಬಳೆ ಮಗುಚಿಕೊಂಡ ಮೇಲೆ ಅದೇ ಕರೆಂಟು ಉಲ್ಟಾ ತಳ್ಳುತ್ತೆ. ಆವಾಗ ನಾವು ಕೈ ತೆಗೀಬೇಕು ಸಾರ್.”

“ಕರೆಂಟಿಗೆ ಕೈ ಎಲ್ಲಿದೆಯಮ್ಮ?” ಎಂದೆ. ಎಂದವನೇ ಬ್ಲೇಡು ನೋಡಿದೆ. ಆ ಹೆಂಗಸು ತಂತಿಯ ಒಂದು ತುದಿಯನ್ನು ಪೂರ್ತಿ ಕೆರೆದಿರಲಿಲ್ಲ! ಅರ್ಧ ಮೈ ಮಾತ್ರ ಕೆರೆದಿದ್ದರು, ಇನ್ನರ್ಧಕ್ಕೆ ಲೇಪವನ್ನು ಹಾಗೇ ಬಿಟ್ಟಿದ್ದರು. ಅರ್ಧ ಸುತ್ತಿನಲ್ಲಿ ಕರೆಂಟು, ಇನ್ನರ್ಧದಲ್ಲಿ ಇಲ್ಲ. ಹೊಸ ತಂತಿ ಸುತ್ತಿದೆ. ಕೆರೆದು, ತೂಗುಹಾಕಿ, ಮೀಟಿದೆ. ಬಳೆ ತಿರುಗಿತು, ಮತ್ತೆ ತಿರುಗಿತು, ಕಣ್ಣಿಗೆ ಕಾಣದಷ್ಟು ಜೋರಾಯಿತು. ಮಕ್ಕಳು ಕಿರುಚಿದರು. ದರ್ಜಿಗಳು ಬೆಂಚಿನ ಮೇಲೆ ಹತ್ತಿ ನಿಂತರು.

“ಹಂಗಾದ್ರೆ ಪುಸ್ತಕದಲ್ಲಿರೋ ಒಡಕು ಉಂಗುರ,” ಎಂದು ದಾಕ್ಷಾಯಿಣಿ ತನಗೆ ತಾನೇ ಹೇಳಿಕೊಂಡಳು, “ಕೈ ತೆಗೆಯೋದಲ್ಲ. ಕರೆಂಟನ್ನೇ ಉಲ್ಟಾ ಮಾಡಿ, ಓಡಿಹೋಗಿ ಈಚೆ ಕಡೆ ನಿಂತು ತಳ್ಳೋದು.” ಹದಿನೆಂಟು ವರ್ಷದಲ್ಲಿ ಒಡಕು ಉಂಗುರದ ಬಗ್ಗೆ ನಾನು ಕೇಳಿದ ಮೊದಲ ಅರ್ಥವಾಗುವ ಮಾತು ಅದು. ಅಷ್ಟರಲ್ಲಿ ಗಂಟೆ ಮುಗಿದು, ಅವಳಿಗೆ ಇನ್ನೂ ಒಂದು ಸಂಶಯ ಉಳಿದಿದ್ದರಿಂದ, ಬಾಕಿಯಾಯಿತು.

ಈಗ ಹೊಸ ಚಿಂತೆ ಶುರುವಾಯಿತು. ಅರ್ಥವಾಗದಿದ್ದರೆ ಮಾನ ಹೋಗುತ್ತದೆ, ಅರ್ಥವಾದರೆ ಗಂಟೆ ಹೋಗುತ್ತದೆ. ಇನ್ನೂ ಬೆಳಕು, ಧ್ವನಿ, ತ್ರಿಕೋನಮಿತಿ ಎಲ್ಲ ಉಳಿದಿದ್ದವು. ಚೂಡಾಮಣಿ ಮೇಡಂ ಬುಧವಾರ ದಾಕ್ಷಾಯಿಣಿಯನ್ನು ಕೋಣೆಗೆ ಕರೆಸಿದರು. ನಾನು ಬಾಗಿಲ ಬಳಿ ನಿಂತಿದ್ದೆ.

“ನೋಡು ಪುಟ್ಟಿ, ನಾಳೆ ನೀನು ಸಾಕು ಅನ್ನಬೇಡ. ಏನಾದ್ರೂ ಕೇಳ್ತಾ ಇರು. ಪರೀಕ್ಷೆವರೆಗೆ.”

“ಅರ್ಥ ಆಗದೇ ಇದ್ರೆ ಕೇಳ್ತೀನಿ ಮಿಸ್.”

“ಅರ್ಥ ಆದ್ರೂ ಕೇಳು.”

“ಅರ್ಥ ಆದ್ಮೇಲೆ ಏನಂತ ಕೇಳೋದು ಮಿಸ್?”

ಮೇಡಂ ನನ್ನ ಕಡೆ ನೋಡಿದರು. ಇಂಥವಳನ್ನು ತಯಾರು ಮಾಡಿದವರು ನೀವೇ ತಾನೆ ಎಂಬಂತಿತ್ತು ಆ ನೋಟ. ಆ ಹೆಗ್ಗಳಿಕೆ ನನ್ನದಲ್ಲವೆಂದು ಹೇಳುವ ಧೈರ್ಯ ಬರಲಿಲ್ಲ.

ಮೂರನೆಯ ಗುರುವಾರ ಓಬಳೇಶಪ್ಪ ಹಿಂದೆ ಕೂರಲಿಲ್ಲ. ಚೀಲದಿಂದ ತನ್ನ ಹೊಲಿಗೆ ಯಂತ್ರದ ಹಳೆಯ ಮೋಟಾರು ತೆಗೆದು, ಮುಚ್ಚಳ ಬಿಚ್ಚಿ ಜಗಲಿಯ ಮೇಲೆ ಇಟ್ಟ. “ಪುಟ್ಟವ್ವ, ಬಳೆ ಗಿಳೆ ಬಿಡು. ಅಸಲಿ ಇಲ್ಲೈತೆ. ಕಣ್ಣಾರ ನೋಡು, ಸಂಶಯ ತೀರಿಸ್ಕೋ. ನಮ್ಮೋರು ನಾಲ್ಕು ವರ್ಷದಿಂದ ಕಾಯ್ತಾವ್ರೆ.”

ಅವಳು ಬಗ್ಗಿ ನೋಡಿದಳು. “ಪುಸ್ತಕದಲ್ಲಿ ಉಂಗುರಕ್ಕೆ ಎರಡೇ ಚೂರು. ಇದಕ್ಕೆ ಇಪ್ಪತ್ತು ಮೂವತ್ತು ಐತಲ್ಲ ಸಾರ್!” ದರ್ಜಿಗಳ ಸಾಲಿನಿಂದ ನರಳಾಟ ಕೇಳಿಸಿತು. ನನಗೆ ಒಂದು ಕ್ಷಣ ಜೀವ ಬಂತು. ಆದರೆ ಅವಳು ತಂತಿಗಳ ಗುಂಪನ್ನು ಬೆರಳಿನಿಂದ ಎಣಿಸುತ್ತ, “ಓ, ಬಳೆಗಳೂ ಅಷ್ಟೇ ಇವೆ. ಒಬ್ಬರು ತಳ್ಳಿ ಸುಸ್ತಾಗೋಷ್ಟ್ರಲ್ಲಿ ಇನ್ನೊಬ್ಬರ ಸರದಿ. ಅದಕ್ಕೇ ಜರ್ಕ್ ಇಲ್ದೆ ತಿರುಗುತ್ತೆ,” ಎಂದಳು. ಮೋಟಾರನ್ನು ಓಬಳೇಶಪ್ಪನ ಕೈಗೆ ಕೊಟ್ಟು, ನನಗೆ ಕೈ ಮುಗಿದಳು. “ಸಾಕು ಸಾರ್. ಅರ್ಥ ಆಯ್ತು.”

ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಸಾಕು ಎಂದರು. ಬೀಬಿಜಾನ್, “ಬೇರೆ ಯಾರಾದ್ರೂ?” ಎಂದು ಕಟ್ಟಳೆಗಾಗಿ ಕೇಳಿ, ರವಿಕೆಯ ವಿಡಿಯೋ ಹುಡುಕಲು ಕನ್ನಡಕ ಹಾಕಿಕೊಂಡರು. ದರ್ಜಿಗಳು ಮುಂದಿನ ಸಾಲಿಗೆ ನುಗ್ಗಿ ಜಾಗ ಹಿಡಿದರು. ನಾನು ಕೂರಲು ಹೊರಟೆ. ಮೂರು ವಾರದಿಂದ ನಿಂತ ಕಾಲು ಹಗುರಾಗಬೇಕಿತ್ತು, ಆಗಲಿಲ್ಲ. ಪರದೆಯ ಮೇಲೆ ಒಂದು ಹೆಣ್ಣಿನ ಮುಖಚಿತ್ರ ಮೂಡಿತು. ಬೀಬಿಜಾನ್ ಅವರ ಬೆರಳು ಗುಂಡಿಯ ಮೇಲಿತ್ತು.

ಓಬಳೇಶಪ್ಪ ಮಾತ್ರ ಇನ್ನೂ ಜಗಲಿಯ ಬಳಿಯೇ ನಿಂತಿದ್ದ. ಮೋಟಾರನ್ನು ತಿರುವಿ ತಿರುವಿ ನೋಡುತ್ತಿದ್ದ.

“ಅಲ್ಲ ಮೇಷ್ಟ್ರೇ,” ಎಂದ. “ಮೂವತ್ತು ವರ್ಷದಿಂದ ಒಂದು ನನ್ನ ತಲೇಲಿ ಕೊರೀತೈತೆ. ತೆಳ್ಳನೆ ಬಟ್ಟೆ ಹಾಕಿದ್ರೆ ಇದು ಜೋರಾಗಿ ತಿರುಗ್ತೈತೆ, ತಣ್ಣಗೆ ಇರ್ತೈತೆ. ಜೀನ್ಸು ಹಾಕಿದ್ರೆ ನಿಧಾನ ಆಗ್ತೈತೆ, ಅದು ಸರಿ. ಸೂಜಿ ಸಿಕ್ಕೊಂಡು ಪೂರ್ತಿ ನಿಂತಾಗ ಮುಟ್ಟಕ್ಕಾಗದಷ್ಟು ಬಿಸಿ! ಏನೂ ಕೆಲಸ ಮಾಡದೆ ನಿಂತಿರೋವಾಗ ಯಾಕ್ರಿ ಅಷ್ಟು ಕಾಯ್ತೈತೆ?”

ಇಪ್ಪತ್ತೊಂದು ದರ್ಜಿಗಳು ತಮ್ಮ ಅಧ್ಯಕ್ಷನ ಬೆನ್ನನ್ನು ನೋಡಿದರು. ಒಬ್ಬ ಮೆಲ್ಲಗೆ, “ಲೇ ಓಬಳೇಶಿ, ಸಾಕು ಅನ್ನೋ,” ಎಂದ. ಓಬಳೇಶಪ್ಪ ಕೈ ಎತ್ತಿ ಅವನನ್ನು ಸುಮ್ಮನಾಗಿಸಿ, ಮಕ್ಕಳ ನಡುವೆ ಜಾಗ ಮಾಡಿಸಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ದಾಕ್ಷಾಯಿಣಿ ನೋಟ್‌ಬುಕ್ ತೆರೆದಳು. ಬೀಬಿಜಾನ್ ಗುಂಡಿಯಿಂದ ಬೆರಳು ತೆಗೆದು, ಕನ್ನಡಕ ಬಿಚ್ಚಿ, ಪರದೆ ಆರಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮತ್ತೆ ಜಗಲಿ ಹತ್ತಿದೆ. ಉತ್ತರ ನನಗೆ ಗೊತ್ತಿರಲಿಲ್ಲ.